ಬಾಲಿಯಲ್ಲಿ ಮಗಳ ಮದುವೆ: ದೇವರಿಗೆ ಯಾವುದು, ನೆಂಟರಿಗೆ ಯಾವುದು?

ಪ್ರಶ್ನೆ: ಮಗಳ ಮದುವೆಯನ್ನು ಬಾಲಿ ದ್ವೀಪದಲ್ಲಿ ಮಾಡಬೇಕು ಅಂತ ಮಕ್ಕಳ ಆಸೆ. ಬೆಂಗಳೂರಿನಿಂದ ಸುಮಾರು 80 ಜನ ಹೋಗುತ್ತೇವೆ. ಅರ್ಧದಷ್ಟು ಜನ ಹಿರಿಯರು, ಎಲ್ಲರೂ ಸಸ್ಯಾಹಾರಿಗಳು. ಇವೆಂಟ್ ಕಂಪನಿಯವರು 'ಬಾಲಿ ಥೀಮ್' ಅಂತ ಒಂದು ಪ್ಲಾನ್ ಕಳಿಸಿದ್ದಾರೆ. ವೇದಿಕೆಯ ಎರಡೂ ಬದಿ ಬುದ್ಧನ ದೊಡ್ಡ ತಲೆ, ಹಿಂದೆ ಬರೋಂಗ್ ಮತ್ತು ರಂಗ್ಡಾ ಮುಖವಾಡ, ಟೇಬಲ್‌ಗಳಿಗೆ ಕಪ್ಪು-ಬಿಳಿ ಚೌಕುಳಿ ಬಟ್ಟೆ, ಟೇಬಲ್ ಮಧ್ಯೆ ಅಲ್ಲಿನ ಹೂವಿನ ಪುಟ್ಟ ಬುಟ್ಟಿ, ಬಾಗಿಲಲ್ಲಿ ಹೂ ಎರಚುವ ನರ್ತಕಿಯರು, ರಾತ್ರಿ ಕೆಚಕ್ ನೃತ್ಯ. ನೋಡಲು ಚೆನ್ನಾಗಿದೆ. ಆದರೆ ಇದು ನಿಜವಾಗಿ ಅಲ್ಲಿನದ್ದಾ? ಅಲ್ಲಿಯವರಿಗೆ ಬೇಸರ ಆಗುವಂಥದ್ದು ಏನಾದರೂ ಇದೆಯಾ? ಏನು ಬದಲಾಯಿಸಬೇಕು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಪಟ್ಟಿಯಲ್ಲಿ ಆರು ಸಂಗತಿಗಳಿವೆ. ಮೂರನ್ನು ತೆಗೆದುಬಿಡಿ: ಬುದ್ಧನ ತಲೆ, ಮುಖವಾಡ, ಚೌಕುಳಿ ಬಟ್ಟೆ. ಎರಡನ್ನು ತಿದ್ದಿ: ಹೂವಿನ ಬುಟ್ಟಿ ಮತ್ತು ಸ್ವಾಗತದ ನೃತ್ಯ. ಕೆಚಕ್ ಉಳಿಸಿಕೊಳ್ಳಿ. ಯಾಕೆ ಅಂತ ಗೊತ್ತಾದರೆ, ತೆಗೆದ ಜಾಗದಲ್ಲಿ ಏನಿಡಬೇಕು ಅಂತ ಅರ್ಧ ನಿಮಗೇ ಹೊಳೆಯುತ್ತೆ.

ನಾನು ಕುಂದಾಪುರದ ಕಡೆಯವಳು. ಬಾಲಿಯಲ್ಲಿ ಮದುವೆ, ಸಮಾರಂಭಗಳ ವಿನ್ಯಾಸ ಮಾಡುತ್ತಾ 12 ವರ್ಷ ಆಯಿತು. ಅಲ್ಲಿಗೆ ಹೋದ ಮೊದಲ ವಾರ ಊರಿಗೇ ವಾಪಸ್ ಬಂದ ಹಾಗಿತ್ತು. ತೆಂಗು, ಬಾಳೆ, ಗದ್ದೆ, ವೀಳ್ಯದೆಲೆ, ಬೆಳಿಗ್ಗೆ ಎದ್ದರೆ ಹೊಸ್ತಿಲ ಮುಂದೆ ಹೂವು. ಎಲ್ಲ ಗೊತ್ತಿರುವಂಥದ್ದೇ ಅಂತ ಅಂದುಕೊಂಡೆ. ತಪ್ಪು ಮಾಡಿದ್ದೂ ಅದೇ ಧೈರ್ಯದಲ್ಲಿ.

ಮೊದಲ ವರ್ಷ ಒಂದು ರಿಸೆಪ್ಶನ್‌ಗೆ ನಾನೂ ನಿಮ್ಮ ಕಂಪನಿಯವರು ಹೇಳಿದ್ದನ್ನೇ ಮಾಡಿದ್ದೆ. ಮಾರುಕಟ್ಟೆಯಿಂದ ಹೂವಿನ ಬುಟ್ಟಿಗಳನ್ನು ತಂದು 12 ಟೇಬಲ್‌ಗಳ ಮಧ್ಯೆ ಇಟ್ಟೆ. ಮೇಣದ ಬತ್ತಿ ಪಕ್ಕದಲ್ಲಿ ತುಂಬಾ ಚೆನ್ನಾಗಿ ಕಾಣುತ್ತಿತ್ತು. ಊಟ ಬಡಿಸಲು ಬಂದವರಲ್ಲಿ ಒಬ್ಬರು ವಯಸ್ಸಾದ ಹೆಂಗಸು. ಟೇಬಲ್ ಹತ್ತಿರ ಬಂದು ಸುಮ್ಮನೆ ನಿಂತರು. ಆಮೇಲೆ ಮೆಲ್ಲಗೆ ನನ್ನ ಹತ್ತಿರ ಬಂದು ಕೇಳಿದರು, "ಇದನ್ನು ಯಾರಿಗೆ ಇಟ್ಟಿದ್ದೀರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಒಂದೂ ಮಾತಾಡದೆ ಹನ್ನೆರಡನ್ನೂ ಒಂದು ತಟ್ಟೆಯಲ್ಲಿ ಜೋಡಿಸಿಕೊಂಡರು. ತೋಟದ ಮೂಲೆಯ ಗುಡಿ, ಬಾಗಿಲು, ಅಡುಗೆಮನೆ ಅಂತ ಒಂದೊಂದು ಕಡೆ ಇಟ್ಟು, ಊದುಬತ್ತಿ ಹಚ್ಚಿ, ನೀರು ಚಿಮುಕಿಸಿ ಬಂದರು. ಆ ರಾತ್ರಿ ನನ್ನ ಟೇಬಲ್‌ಗಳ ಮೇಲೆ ಬರೀ ನೀರಿನ ಬಟ್ಟಲಲ್ಲಿ ದೇವಕಣಗಿಲೆ ತೇಲುತ್ತಿತ್ತು. ಅಂದಿನಿಂದ ಯಾವ ಪ್ಲಾನ್ ನೋಡಿದರೂ ನಾನು ಕೇಳುವ ಮೊದಲ ಪ್ರಶ್ನೆ ಅವರದ್ದೇ. ಇದು ಯಾರಿಗೆ?

ಆ ಬುಟ್ಟಿಯ ಹೆಸರು ಚನಾಂಗ್ ಸಾರಿ. ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಎಳೆ ತೆಂಗಿನ ಗರಿಯ ಅಂಗೈ ಅಗಲದ ತಟ್ಟೆ. ಅದರ ತಳದಲ್ಲಿ ಪೊರೊಸಾನ್ ಅಂತ ಒಂದು ಪುಟ್ಟ ಕಟ್ಟು ಇರುತ್ತೆ. ಬಿಚ್ಚಿದರೆ ಒಳಗೆ ವೀಳ್ಯದೆಲೆ, ಅಡಿಕೆ, ಸುಣ್ಣ! ನಮ್ಮ ತಾಂಬೂಲವೇ. ಅವರಲ್ಲಿ ಈ ಮೂರು ತ್ರಿಮೂರ್ತಿಗಳ ಗುರುತು. ಅದರ ಮೇಲೆ ದಿಕ್ಕಿಗೊಂದು ಬಣ್ಣದ ಹೂವು. ಪೂರ್ವಕ್ಕೆ ಬಿಳಿ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ಉತ್ತರಕ್ಕೆ ನೀಲಿ ಅಥವಾ ಹಸಿರು. ಮೇಲೆ ಒಂದಿಷ್ಟು ಪಂದನ ಅನ್ನುವ ಪರಿಮಳದ ಎಲೆಯ ಚೂರು. ಅಡಿಯಲ್ಲಿ ಪೊರೊಸಾನ್ ಇದ್ದರೆ ಅದು ದೇವರದ್ದು. ಟೇಬಲ್ ಮೇಲೆ ಅದಕ್ಕೆ ಜಾಗ ಇಲ್ಲ. ನಿಮಗೆ ಟೇಬಲ್ ಮಧ್ಯೆ ಹೂವು ಬೇಕು ಅಂದರೆ ಪೊರೊಸಾನ್ ಇಲ್ಲದ, ಆಕಾರವೂ ಬೇರೆ ಇರುವ ಗರಿಯ ತಟ್ಟೆ ಹೆಣೆಸಿ. ಅದೇ ಕೈಗಳು ಅದನ್ನೂ ಸಂತೋಷವಾಗಿ ಮಾಡಿಕೊಡುತ್ತವೆ.

ದೇವರದ್ದು ಯಾವುದು, ನೆಂಟರದ್ದು ಯಾವುದು ಅನ್ನುವ ಗೆರೆಯನ್ನು ನಾನು ಎಳೆದದ್ದಲ್ಲ. ಬಾಲಿಯವರೇ ಕೂತು ಚರ್ಚೆ ಮಾಡಿ ಎಳೆದದ್ದು. 1960ರ ದಶಕದ ಕೊನೆಗೆ ಪ್ರವಾಸಿಗರು ಜಾಸ್ತಿ ಆದರು. ಗುಡಿಯ ನೃತ್ಯಗಳು ಹೋಟೆಲ್ ವೇದಿಕೆಗೆ ಬರತೊಡಗಿದವು. 1971ರಲ್ಲಿ ಪಂಡಿತರು, ಪುರೋಹಿತರು, ಕಲಾವಿದರು ಬಾಲಿಯ ರಾಜಧಾನಿ ಡೆನ್‌ಪಸಾರ್‌ನಲ್ಲಿ ಸೇರಿ ನೃತ್ಯಗಳನ್ನು ಮೂರು ಗುಂಪು ಮಾಡಿದರು. ವಾಲಿ ಅಂದರೆ ಗುಡಿಯ ಒಳಗೆ, ಪೂಜೆಯ ಭಾಗವಾಗಿ ಮಾತ್ರ. ಬೆಬಾಲಿ ಅಂದರೆ ಪೂಜೆಯ ಜೊತೆಗೆ ಆಡುವಂಥದ್ದು. ಬಾಲಿಹ್-ಬಾಲಿಹಾನ್ ಅಂದರೆ ನೋಡುವವರಿಗಾಗಿಯೇ ಇರುವಂಥದ್ದು. 2015ರಲ್ಲಿ ಯುನೆಸ್ಕೊ ಪಟ್ಟಿಗೆ ಬಾಲಿಯ ನೃತ್ಯಗಳು ಸೇರಿದ್ದೂ ಇದೇ ಮೂರು ಗುಂಪುಗಳಾಗಿ.

ನಮಗೆ ಇದು ಅರ್ಥ ಆಗದ ವಿಷಯ ಅಲ್ವೇ ಅಲ್ಲ. ನಮ್ಮ ಕಡೆ ಹರಕೆ ಆಟ ಇದೆ, ಟಿಕೆಟ್ ಆಟವೂ ಇದೆ. ಯಕ್ಷಗಾನವನ್ನು ಟೌನ್‌ಹಾಲ್‌ನಲ್ಲಿ ಆಡಿದರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ದೈವದ ಅಣಿ ಕಟ್ಟಿಕೊಂಡು, ಮೊಗ ಹಾಕಿಕೊಂಡು ರಿಸೆಪ್ಶನ್ ವೇದಿಕೆ ಮೇಲೆ ಯಾರಾದರೂ ಕುಣಿದರೆ ಕರಾವಳಿಯವರ ಹೊಟ್ಟೆ ಉರಿಯುತ್ತೆ. ರಂಗ್ಡಾ ಮುಖವಾಡವೂ ಅಷ್ಟೇ. ಬರೋಂಗ್ ಅಂದರೆ ಊರು ಕಾಯುವ ಮೃಗರೂಪದ ಶಕ್ತಿ, ರಂಗ್ಡಾ ಅಂದರೆ ಅದರ ಎದುರಾಳಿ ಮಾಟಗಾತಿ. ಇವರ ಮುಖಗಳನ್ನು ಪುಲೆ ಅನ್ನುವ ಮರದಲ್ಲಿ ಕೆತ್ತುತ್ತಾರೆ. ಮರ ಕಡಿಯುವುದಕ್ಕೂ ದಿನ ನೋಡುತ್ತಾರೆ. ಕೆತ್ತಿದ ಮೇಲೆ ಶಕ್ತಿ ತುಂಬುವ ಪೂಜೆ ಮಾಡುತ್ತಾರೆ. ಆಮೇಲೆ ಅದು 'ತೆಂಗೆತ್'. ಅಂದರೆ ಸುಲಭಕ್ಕೆ ಮುಟ್ಟಬಾರದ್ದು, ಒಳಗೆ ಏನೋ ಇರುವಂಥದ್ದು. ಅಂಗಡಿಯಲ್ಲಿ ಸಿಗುವ ಮುಖಕ್ಕೆ ಆ ಪೂಜೆ ಆಗಿರುವುದಿಲ್ಲ, ನಿಜ. ಆದರೆ ರಂಗ್ಡಾ ಸ್ಮಶಾನದ ಕಡೆಯವಳು. ಹೊಸ ಜೋಡಿಯ ಬೆನ್ನ ಹಿಂದೆ ಅವಳ ಕೋರೆಹಲ್ಲು, ಉದ್ದ ನಾಲಿಗೆ ಯಾಕೆ ಬೇಕು? ಅಲ್ಲಿನ ಕೆಲಸಗಾರರು ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ಆದರೆ ಆ ಸಂಜೆ ಅವರ ಮುಖದಲ್ಲಿ ನಗು ಇರುವುದಿಲ್ಲ.

ಚೌಕುಳಿ ಬಟ್ಟೆಯ ಹೆಸರು ಪೋಲೆಂಗ್. ಕಪ್ಪು-ಬಿಳುಪು, ಹಗಲು-ರಾತ್ರಿ, ಎರಡೂ ಜೊತೆಗೇ ಇರುತ್ತವೆ ಅನ್ನುವುದನ್ನು ಅವರು ರ್ವಾ ಬಿನೆಡಾ ಅನ್ನುತ್ತಾರೆ. ಹಳೇ ಆಲದ ಮರಕ್ಕೆ, ದ್ವಾರಪಾಲಕರ ವಿಗ್ರಹಕ್ಕೆ, ಹಳ್ಳಿಯ ಕಾವಲುಗಾರರಾದ ಪೆಚಲಾಂಗ್‌ಗಳ ಸೊಂಟಕ್ಕೆ ಇದನ್ನು ಸುತ್ತುತ್ತಾರೆ. ಕಾಯುವವರ ಬಟ್ಟೆ ಅದು. ಅದರ ಮೇಲೆ ಸಾಂಬಾರ್ ಚೆಲ್ಲುವುದು ಬೇಡ. ಬುದ್ಧನ ತಲೆಯ ವಿಷಯ ಇನ್ನೂ ಸರಳ. ಬಾಲಿಯಲ್ಲಿ 100ಕ್ಕೆ 85ಕ್ಕಿಂತ ಜಾಸ್ತಿ ಜನ ಹಿಂದೂಗಳು. ಕತ್ತಿನಿಂದ ಮೇಲಿರುವ ಬುದ್ಧ ಹೋಟೆಲ್ ಲಾಬಿಗಳ ಫ್ಯಾಷನ್, ಊರಿನದ್ದಲ್ಲ.

ಹೂ ಎರಚುವ ನರ್ತಕಿಯರ ವಿಷಯಕ್ಕೆ ಬರೋಣ. ಯಾವ ನೃತ್ಯ ಅಂತ ಕಂಪನಿಯವರನ್ನು ಕೇಳಿ. ಪೆಂಡೆಟ್ ಮೂಲದಲ್ಲಿ ಗುಡಿಯಲ್ಲಿ ದೇವತೆಗಳನ್ನು ಬರಮಾಡಿಕೊಳ್ಳುವ ನೃತ್ಯ. ಹೋಟೆಲ್‌ಗಳಲ್ಲಿ ಅದನ್ನೇ ಅತಿಥಿಗಳಿಗೆ ಮಾಡತೊಡಗಿದಾಗ ಅಲ್ಲಿನ ಹಿರಿಯರಿಗೆ ಕಸಿವಿಸಿ ಆಯಿತು. ಹಾಗಾಗಿ ಮನುಷ್ಯರ ಸ್ವಾಗತಕ್ಕೆ ಅಂತಲೇ ಹೊಸ ನೃತ್ಯ ಕಟ್ಟಿದರು. ಅದರ ಹೆಸರು ಪಾನ್ಯೆಂಬ್ರಾಮ. ಕೈಯಲ್ಲಿ ಹೂವಿನ ಬಟ್ಟಲು ಹಿಡಿದು ಹುಡುಗಿಯರು ಬರುತ್ತಾರೆ, ಕೊನೆಗೆ ಹೂ ಎರಚುತ್ತಾರೆ. ನಿಮಗೆ ಬೇಕಾದದ್ದೂ ಅದೇ. ರೆಜಾಂಗ್, ಸಾಂಗ್‌ಹ್ಯಾಂಗ್ ಅಂತ ಯಾರಾದರೂ ಪ್ಲಾನ್‌ನಲ್ಲಿ ಬರೆದರೆ ಬೇಡ ಅನ್ನಿ. ಅವು ಗುಡಿಯವು.

ಕೆಚಕ್ ಹುಟ್ಟಿದ್ದೇ ನೋಡುಗರಿಗಾಗಿ. 1930ರ ದಶಕದಲ್ಲಿ ಬೆದುಲು ಹಳ್ಳಿಯ ನರ್ತಕ ವಯಾನ್ ಲಿಂಬಾಕ್ ಮತ್ತು ಅಲ್ಲಿ ನೆಲೆಸಿದ್ದ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಸೇರಿ ಅದಕ್ಕೆ ರೂಪ ಕೊಟ್ಟರು. ಸಾಂಗ್‌ಹ್ಯಾಂಗ್ ಪೂಜೆಯ ಗಂಡಸರ ಮೇಳದ ದನಿ ತೆಗೆದುಕೊಂಡು ಅದಕ್ಕೆ ರಾಮಾಯಣದ ಕಥೆ ಜೋಡಿಸಿದರು. ವಾದ್ಯವೇ ಇಲ್ಲ. 50 ಜನ, ಕೆಲವೊಮ್ಮೆ ಅದರ ಎರಡರಷ್ಟು ಜನ, ಸುತ್ತು ಕೂತು 'ಚಕ್ ಚಕ್ ಚಕ್' ಅನ್ನುತ್ತಾರೆ. ಅದನ್ನು ವೇದಿಕೆ ಮೇಲೆ ಹತ್ತಿಸಬೇಡಿ. ಹುಲ್ಲಿನ ಮೇಲೆ, ಮಧ್ಯೆ ಒಂದು ದೀಪದ ಕಂಬ ಇಟ್ಟು, ನಿಮ್ಮ ನೆಂಟರನ್ನು ಸುತ್ತಲೂ ಕೂರಿಸಿ. ಮೈಕ್ ಬೇಡವೇ ಬೇಡ. ಸೀತೆ, ಹನುಮ ಬಂದಾಗ ನಿಮ್ಮ ಅಜ್ಜಿಯರಿಗೆ ಯಾರೂ ಕಥೆ ಹೇಳಬೇಕಾಗಿಲ್ಲ.

ಈಗ ಏನು ಹಾಕಬೇಕು ಅಂತ ನೋಡೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು.

ಗರಿಯಿಂದ ಶುರು ಮಾಡಿ. ಬಾಲಿಯ ಅಲಂಕಾರದ ಜೀವ ಇರುವುದೇ ಅದರಲ್ಲಿ. ಎಳೆಯ ತೆಂಗಿನ ಗರಿಗೆ ಅಲ್ಲಿ ಬುಸುಂಗ್ ಅನ್ನುತ್ತಾರೆ, ಇಂಡೊನೇಷ್ಯನ್‌ನಲ್ಲಿ ಜಾನೂರ್. ನಮ್ಮ ಕೋಲಗಳಲ್ಲಿ ದೈವದ ಸೊಂಟಕ್ಕೆ ಕಟ್ಟುವ ಸಿರಿ ನೋಡಿದ್ದೀರಲ್ಲ, ಅದೇ ಬೆಣ್ಣೆ ಬಣ್ಣ. ಒಂದು ಮದುವೆಯ ಹಿಂದಿನ ರಾತ್ರಿ ನಾನು ಹೆಂಗಸರ ಜೊತೆ ಕೂತಿದ್ದೆ. ಚಾಪೆ ಮೇಲೆ ಹತ್ತು ಜನ. ಒಬ್ಬರು ಗರಿಯ ಕಡ್ಡಿ ಬಿಡಿಸುತ್ತಾರೆ. ಇನ್ನೊಬ್ಬರು ನಾಲ್ಕು ಗರಿ ಒಟ್ಟಿಗೆ ಮಡಚಿ ಪುಟ್ಟ ಚಾಕುವಿನಿಂದ ಅಂಚಿಗೆ ನಾಲ್ಕೈದು ಗೀರು ಹಾಕುತ್ತಾರೆ. ಪೆನ್ಸಿಲ್ ಗುರುತಿಲ್ಲ, ಅಳತೆ ಪಟ್ಟಿ ಇಲ್ಲ. ಬಿಡಿಸಿದರೆ ಹೂವಿನ ಬಳ್ಳಿ! ಜೋಡಿಸುವುದು ಸೆಮಾತ್‌ನಿಂದ. ಅದು ಬಿದಿರಿನ ಸೀಳು, ಉಗುರಿನಷ್ಟು ಉದ್ದ. ಈಗ ಎಷ್ಟೋ ಕಡೆ ಸ್ಟೇಪ್ಲರ್ ಹೊಡೆಯುತ್ತಾರೆ. ನೀವು ಸೆಮಾತ್ ಬೇಕು ಅಂತ ಕೇಳಿ. ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತೆ, ಆದರೆ ಆಮೇಲೆ ಪೂರ್ತಿ ಗೊಬ್ಬರಕ್ಕೆ ಹಾಕಬಹುದು.

ಒಂದು ಎಚ್ಚರಿಕೆ. ಜಾನೂರ್ ಬಿಸಿಲಿಗೆ ಅರ್ಧ ದಿನದಲ್ಲೇ ಬಾಡಿ ಸುರುಟುತ್ತೆ. ಅದನ್ನು ಹಿಂದಿನ ದಿನವೇ ಕಟ್ಟಿ ಮುಗಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಹೆಣಿಗೆ ರಾತ್ರಿ, ಕಟ್ಟುವುದು ಬೆಳಿಗ್ಗೆ. ಮಂಟಪದ ದೊಡ್ಡ ಕೆಲಸಕ್ಕೆ ಎಂತಾಲ್ ಅಂದರೆ ಒಣಗಿದ ತಾಳೆಗರಿ ಬಳಸಿ. ಅದು ವಾರಗಟ್ಟಲೆ ಇರುತ್ತೆ. ಗಿಯಾನ್ಯಾರ್ ಜಿಲ್ಲೆಯ ಬೋನಾ ಹಳ್ಳಿ ತಾಳೆಗರಿ ಹೆಣಿಗೆಗೆ ಹೆಸರುವಾಸಿ. ಮಂಟಪದ ಚಾವಣಿಯನ್ನು ಎಂತಾಲ್‌ನಲ್ಲಿ ಮಾಡಿಸಿ, ಅಂಚಿಗೆ ಮಾತ್ರ ಹಸಿ ಜಾನೂರ್ ಇಳಿಬಿಡಿ. ನಮ್ಮ ಚಪ್ಪರದ ಹಾಗೇ ಇರುತ್ತೆ, ಆದರೆ ಬಾಲಿಯ ಕೈ ಅದರಲ್ಲಿ ಕಾಣುತ್ತೆ.

ಬಾಗಿಲಿಗೆ ಪೆಂಜೋರ್. ಎಂಟು ಹತ್ತು ಮೀಟರ್ ಎತ್ತರದ ಇಡೀ ಬಿದಿರು, ತುದಿ ಬಾಗಿ ರಸ್ತೆ ಮೇಲೆ ತೂಗುತ್ತಿರುತ್ತೆ. ಗಲುಂಗಾನ್ ಹಬ್ಬಕ್ಕೆ ಪ್ರತಿ ಮನೆ ಮುಂದೆ ನೆಡುವುದು ದೇವರ ಪೆಂಜೋರ್. ಅದರಲ್ಲಿ ಭತ್ತದ ತೆನೆ, ಗೆಡ್ಡೆ, ಹಣ್ಣು, ಬಟ್ಟೆ ಎಲ್ಲ ಇರಲೇಬೇಕು, ಬುಡದಲ್ಲಿ ಬಿದಿರಿನ ಒಂದು ಪುಟ್ಟ ಗುಡಿಯೂ ಇರುತ್ತೆ. ಅಲಂಕಾರದ ಪೆಂಜೋರ್ ಬೇರೆ. ಅದಕ್ಕೆ ಆ ಗುಡಿ ಇಲ್ಲ, ಪೂಜೆಯ ಸಾಮಾನು ಇಲ್ಲ. ನಿಮ್ಮ ಮದುವೆಗೆ ಎರಡನೆಯದ್ದು. ಕಂಪನಿಯವರಿಗೆ ಇದನ್ನು ಬರೆದು ಕಳಿಸಿ. ಜುಲೈ, ಆಗಸ್ಟ್‌ನಲ್ಲಿ ಸಮುದ್ರದ ಕಡೆ ಗಾಳಿ ಜೋರು, ಬುಡ ಗಟ್ಟಿಯಾಗಿ ಹೂಳಬೇಕು.

ಇನ್ನೊಂದು ಮಾತು. ಹೆಸರಿನ ಅಕ್ಷರಗಳನ್ನು ಥರ್ಮೋಕೋಲ್‌ನಲ್ಲಿ ಕತ್ತರಿಸುವುದು ಬೇಡ. 2018ರ 97ನೇ ಗವರ್ನರ್ ನಿಯಮದ ಪ್ರಕಾರ ಬಾಲಿಯಲ್ಲಿ ಪ್ಲಾಸ್ಟಿಕ್ ಚೀಲ, ಸ್ಟ್ರಾ, ಥರ್ಮೋಕೋಲ್ ಮೂರಕ್ಕೂ ನಿಷೇಧ ಇದೆ. ಗರಿಯಲ್ಲೇ ಅಕ್ಷರ ಹೆಣೆಸಿ. ಮಗಳ ಹೆಸರು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟರೆ ಅದನ್ನೂ ಹೆಣೆಯುತ್ತಾರೆ. ನಮ್ಮ ಅಕ್ಷರದ ಗುಂಡು ಅವರ ಕೈಗೆ ಹೊಸದಲ್ಲ. ಬಾಲಿಯ ಹಳೇ ಲಿಪಿಯೂ ಬ್ರಾಹ್ಮಿಯ ಮನೆತನದ್ದೇ.

ವೇದಿಕೆ ಹಿಂದೆ ಮುಖವಾಡದ ಬದಲು ಚಿತ್ರ ಇಡಿ. ಕ್ಲುಂಗ್‌ಕುಂಗ್ ಹತ್ತಿರದ ಕಮಾಸಾನ್ ಹಳ್ಳಿಯವರು ತೊಗಲುಗೊಂಬೆಯ ಶೈಲಿಯಲ್ಲಿ ಬಟ್ಟೆ ಮೇಲೆ ಚಿತ್ರ ಬರೆಯುತ್ತಾರೆ. ಬಟ್ಟೆಗೆ ಅಕ್ಕಿ ಗಂಜಿ ಹಾಕಿ, ಒಣಗಿಸಿ, ಕವಡೆಯಿಂದ ಉಜ್ಜಿ ಉಜ್ಜಿ ನುಣುಪು ಮಾಡುತ್ತಾರೆ. ಆ ಮೇಲೆ ಕಾವಿ, ಹಳದಿ, ನೀಲಿ, ದೀಪದ ಕಾಡಿಗೆಯ ಕಪ್ಪು. ಕಥೆಗಳೆಲ್ಲ ರಾಮಾಯಣ, ಮಹಾಭಾರತದ್ದೇ. ಕ್ಲುಂಗ್‌ಕುಂಗ್‌ನ ಹಳೇ ನ್ಯಾಯಮಂಟಪ ಕೆರ್ಟಾ ಗೋಸಾದ ಚಾವಣಿ ತುಂಬ ಇದೇ ಶೈಲಿಯ ಚಿತ್ರಗಳು. ಭೀಮ ತನ್ನ ತಂದೆ ಪಾಂಡು, ಮಲತಾಯಿ ಮಾದ್ರಿಯನ್ನು ಹುಡುಕಿ ಯಮಲೋಕಕ್ಕೆ ಹೋಗುವ ಕಥೆ ಅಲ್ಲಿದೆ. ಈ ಬಟ್ಟೆ ಚಿತ್ರಗಳಲ್ಲಿ ಇದರ್-ಇದರ್ ಅಂತ ಒಂದು ಬಗೆ ಇದೆ. ಗೇಣಗಲ, ಮೀಟರ್‌ಗಟ್ಟಲೆ ಉದ್ದ. ಹಬ್ಬಕ್ಕೆ ಮಂಟಪದ ಸೂರಿನ ಕೆಳಗೆ ಸುತ್ತ ಕಟ್ಟುತ್ತಾರೆ, ಥೇಟ್ ತೋರಣದ ಹಾಗೆ. ಹಳೆಯದ್ದು ಗುಡಿಯ ಆಸ್ತಿ, ಕೇಳಬೇಡಿ. ಹೊಸದೊಂದನ್ನು ಸೀತಾ ಕಲ್ಯಾಣದ ಕಥೆಯಲ್ಲಿ ಬರೆಸಿ. ಮದುವೆ ಮುಗಿದ ಮೇಲೆ ಮಗಳ ಮನೆಯ ಗೋಡೆಗೆ ಹೋಗುತ್ತೆ. ದೊಡ್ಡ ಫ್ಲೆಕ್ಸ್, ಎಲ್‌ಇಡಿ ಗೋಡೆಗೆ ಕೊಡುವ ದುಡ್ಡು ಒಬ್ಬ ಚಿತ್ರಕಾರನ ಮನೆಗೆ ಹೋಗಲಿ ಅಂತ ನನಗೆ ಆಸೆ.

ನೆಂಟರಿಗೆ ಉಡುಗೊರೆಯಾಗಿ ಎಂಡೆಕ್ ಶಾಲು ಕೊಡಿ. ಹೊಕ್ಕು ನೂಲನ್ನು ಮೊದಲೇ ಗಂಟು ಕಟ್ಟಿ ಬಣ್ಣ ಹಾಕಿ, ಆಮೇಲೆ ನೇಯುವ ಬಟ್ಟೆ ಅದು. ಹತ್ತಿರ ಹಿಡಿದು ನೋಡಿ. ವಿನ್ಯಾಸದ ಅಂಚು ಸ್ವಲ್ಪ ಕದಡಿದ ಹಾಗೆ, ನೀರಲ್ಲಿ ಕಂಡ ಹಾಗೆ ಇದ್ದರೆ ಅದು ಮಗ್ಗದ್ದು. ಅಂಚು ಗೆರೆ ಎಳೆದ ಹಾಗೆ ಚೊಕ್ಕ ಇದ್ದರೆ ಪ್ರಿಂಟ್. ಸಿದೆಮನ್ ಕಣಿವೆಯಲ್ಲಿ ಇವತ್ತಿಗೂ ಮಗ್ಗದ ಸದ್ದು ಕೇಳುತ್ತೆ. 80 ಶಾಲಿಗೆ ಮೂರು ತಿಂಗಳಾದರೂ ಮುಂಚೆ ಹೇಳಿ. ತೆಂಗನಾನ್ ಹಳ್ಳಿಯ ಗೆರಿಂಗ್‌ಸಿಂಗ್ ಬಗ್ಗೆ ಯಾರಾದರೂ ಹೇಳಿದರೆ ಅದನ್ನು ಅಲಂಕಾರಕ್ಕೆ ಬಳಸಬೇಡಿ. ಹಾಸು-ಹೊಕ್ಕು ಎರಡಕ್ಕೂ ಗಂಟು ಕಟ್ಟಿ ನೇಯುವ ಆ ಬಟ್ಟೆ ಗುಜರಾತಿನ ಪಟೋಲದ ನೆಂಟ. ಒಂದು ಮುಗಿಯಲು ವರ್ಷಗಳೇ ಬೇಕು. ಅವರಿಗೆ ಅದು ರಕ್ಷೆ.

ಸಂಗೀತಕ್ಕೆ ದೊಡ್ಡ ಗಮೆಲಾನ್ ಮೇಳ ಬೇಕಾ ಅಂತ ಕೇಳುತ್ತಾರೆ. 25 ಜನ ಕಂಚಿನ ವಾದ್ಯ ಬಾರಿಸಿದರೆ ನಿಮ್ಮ ಹಿರಿಯರಿಗೆ ಮಾತೇ ಕೇಳಿಸುವುದಿಲ್ಲ. ಊಟದ ಹೊತ್ತಿಗೆ ರಿಂಡಿಕ್ ಸಾಕು. ಬಿದಿರಿನ ಕೊಳವೆಗಳ ಎರಡು ವಾದ್ಯ, ಜೊತೆಗೆ ಒಂದು ಕೊಳಲು. ಬಾಲಿಯ ಕಂಚಿನ ಮೇಳದಲ್ಲಿ ಇನ್ನೊಂದು ಸೊಗಸಿದೆ, ಅದನ್ನು ನಿಮ್ಮ ಮಗಳಿಗೆ ತೋರಿಸಿ. ವಾದ್ಯಗಳು ಜೋಡಿಯಲ್ಲಿ ಇರುತ್ತವೆ. ಒಂದನ್ನು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ತಗ್ಗಿಸಿ ಶ್ರುತಿ ಮಾಡಿರುತ್ತಾರೆ. ಒಂದೇ ಬಾರಿಸಿದರೆ ಬರೀ ಲೋಹದ ದನಿ. ಎರಡೂ ಒಟ್ಟಿಗೆ ಬಾರಿಸಿದಾಗ ಆ ಚಿಕ್ಕ ವ್ಯತ್ಯಾಸದಿಂದ ದನಿ ಅಲೆಅಲೆಯಾಗಿ ನಡುಗುತ್ತೆ. ಅವರು ಅದಕ್ಕೆ ಓಂಬಾಕ್ ಅನ್ನುತ್ತಾರೆ. ಓಂಬಾಕ್ ಅಂದರೆ ಅಲೆ.

ಜಾಗದ ಜೋಡಣೆಗೆ ಬಾಲಿಯಲ್ಲಿ ಒಂದು ಸೂತ್ರ ಇದೆ. ಕಾಜಾ ಅಂದರೆ ಬೆಟ್ಟದ ಕಡೆ, ಕೆಲೋಡ್ ಅಂದರೆ ಕಡಲಿನ ಕಡೆ. ಅಗುಂಗ್ ಬೆಟ್ಟದ ಕಡೆ ಪವಿತ್ರ, ಸೂರ್ಯ ಹುಟ್ಟುವ ಕಡೆಯೂ ಪವಿತ್ರ. ಬೆಟ್ಟಗಳು ದ್ವೀಪದ ನಡುವೆ ಇರುವುದರಿಂದ ಉತ್ತರದ ಊರುಗಳಲ್ಲಿ ಕಾಜಾ ಅಂದರೆ ದಕ್ಷಿಣ! ನಿಮ್ಮ ಹೋಮಕುಂಡ, ಮಂಟಪ ಬೆಟ್ಟದ ಕಡೆ ಇರಲಿ. ಪಾತ್ರೆ ತೊಳೆಯುವುದು, ಕಸ, ಶೌಚಾಲಯ ಕಡಲ ಕಡೆ. ಹೆಚ್ಚಿನ ಕಂಪನಿಗಳು ಸೂರ್ಯಾಸ್ತದ ಫೋಟೊಗೆ ಅಂತ ಮಂಟಪವನ್ನು ಕಡಲಂಚಿಗೆ ತರುತ್ತವೆ. ಸಂಜೆಯ ರಿಸೆಪ್ಶನ್‌ಗೆ ಅದು ಸರಿ. ಧಾರೆಗೆ ಬೆಟ್ಟದ ಕಡೆಯೇ ಚೆಂದ. ವೇದಿಕೆ ತಗ್ಗಿರಲಿ. 1966ರಲ್ಲಿ ಸಾನೂರ್‌ನಲ್ಲಿ ಹತ್ತು ಅಂತಸ್ತಿನ ಹೋಟೆಲ್ ಎದ್ದ ಮೇಲೆ, ಕಟ್ಟಡ ತೆಂಗಿನ ಮರಕ್ಕಿಂತ ಎತ್ತರ ಇರಬಾರದು, ಅಂದರೆ 15 ಮೀಟರ್ ದಾಟಬಾರದು ಅಂತ ನಿಯಮ ಬಂತು. ಆ ದ್ವೀಪದ ಕಣ್ಣಿಗೆ ತಗ್ಗಿರುವುದೇ ಒಗ್ಗುವುದು. ಇನ್ನು ಹೋಮ. ಅಲ್ಲಿನ ಮಂಟಪಗಳಿಗೆ ಆಲಂಗ್-ಆಲಂಗ್ ಅನ್ನುವ ಒಣಹುಲ್ಲಿನ ಸೂರು. ಅದರ ಕೆಳಗೆ ಬೆಂಕಿ ಖಂಡಿತಾ ಬೇಡ. ಬಯಲಲ್ಲಿ ಮಾಡಿ, ರೆಸಾರ್ಟ್‌ನ ಒಪ್ಪಿಗೆ ಬರಹದಲ್ಲಿ ತಗೊಳ್ಳಿ.

ಸಾಮಾನನ್ನು ಬೆಂಗಳೂರಿನಿಂದ ಹೊರುವುದು ಬೇಡ. ಹಸಿ ಎಲೆ, ಹೂವು, ಕಾಯಿಗೆ ವಿಮಾನ ನಿಲ್ದಾಣದಲ್ಲಿ ಕ್ವಾರಂಟೈನ್ ತಕರಾರು ಆಗುತ್ತೆ. ಬಾಳೆಕಂಬ, ವೀಳ್ಯದೆಲೆ, ಅಡಿಕೆ, ಎಳನೀರು, ಚೆಂಡುಹೂವು, ಎಲ್ಲ ಡೆನ್‌ಪಸಾರ್‌ನ ಬಡುಂಗ್ ಮಾರುಕಟ್ಟೆಯಲ್ಲಿ ರಾಶಿ ಬಿದ್ದಿರುತ್ತೆ. ಸಂಪಿಗೆಗೆ ಅಲ್ಲಿ ಚೆಂಪಾಕ ಅನ್ನುತ್ತಾರೆ. ಹೆಸರು ಹೇಳಿದರೆ ಸಾಕು, ಬಾಳೆಎಲೆಯಲ್ಲಿ ಕಟ್ಟಿಕೊಡುತ್ತಾರೆ.

ಊಟದ ವಿಷಯದಲ್ಲಿ ಹುಷಾರು. ಬಾಲಿಯ ಅಡುಗೆಯಲ್ಲಿ ತೆರಾಸಿ ಅನ್ನುವ ಒಣ ಸೀಗಡಿಯ ಮುದ್ದೆ ಮಸಾಲೆಯಲ್ಲೇ ಸೇರಿರುತ್ತೆ. ತರಕಾರಿ ಅಂತ ಕೊಟ್ಟ ಪಲ್ಯದಲ್ಲೂ ಇರಬಹುದು. 'ವೆಜಿಟೇರಿಯನ್' ಅಂತ ಹೇಳಿದರೆ ಸಾಲದು. 'ತನ್ಪಾ ತೆರಾಸಿ' ಅಂದರೆ ತೆರಾಸಿ ಇಲ್ಲದೆ, 'ತನ್ಪಾ ಇಕಾನ್' ಅಂದರೆ ಮೀನಿಲ್ಲದೆ, 'ತನ್ಪಾ ತೆಲೂರ್' ಅಂದರೆ ಮೊಟ್ಟೆ ಇಲ್ಲದೆ ಅಂತ ಬರೆಸಿ, ಒಮ್ಮೆ ರುಚಿ ನೋಡಲು ಅಡುಗೆ ಮಾಡಿಸಿ. ಅಷ್ಟಾದರೆ ನಮ್ಮವರಿಗೆ ಇಷ್ಟವಾಗುವುದು ತುಂಬಾ ಇದೆ. ಉರಾಬ್ ಅಂದರೆ ಬೇಯಿಸಿದ ಸೊಪ್ಪು, ಕಾಳಿಗೆ ತುರಿದ ತೆಂಗು. ದಾದಾರ್ ಗುಲುಂಗ್ ಅಂದರೆ ಪಂದನದ ಹಸಿರು ದೋಸೆಯೊಳಗೆ ಕಾಯಿ-ಬೆಲ್ಲದ ಹೂರಣ. ಅದರಲ್ಲಿ ಮೊಟ್ಟೆ ಹಾಕುತ್ತಾರೆ, ಬೇಡ ಅಂತ ಹೇಳಿ. ಬಂದ ಕೂಡಲೇ ಕುಡಿಯಲು ಮಾಕ್‌ಟೇಲ್ ಬದಲು ಪೆಂಗ್ಲಿಪುರಾನ್ ಹಳ್ಳಿಯ ಲೋಲೋಹ್ ಚೆಮ್‌ಚೆಮ್ ಕೊಡಿ. ಚೆಮ್‌ಚೆಮ್ ಅಂದರೆ ನಮ್ಮ ಕಾಡು ಅಮಟೆ. ಅದರ ಎಲೆ ಅರೆದು, ಹುಣಸೆ, ಉಪ್ಪು, ಬೆಲ್ಲ ಸೇರಿಸಿದ ಹುಳಿ-ಸಿಹಿ ಪಾನಕ. ಕರಾವಳಿಯ ನೆಂಟರಿದ್ದರೆ ಎರಡನೇ ಲೋಟ ಕೇಳುತ್ತಾರೆ.

ಒಂದು ಹೊತ್ತಿನ ಊಟವನ್ನಾದರೂ ಮೆಗಿಬುಂಗ್ ಕ್ರಮದಲ್ಲಿ ಮಾಡಿ ಅಂತ ನನ್ನ ಒತ್ತಾಯ. ಪೂರ್ವದ ಕರಂಗಾಸೆಮ್ ಕಡೆಯ ಪದ್ಧತಿ ಅದು. ಬಾಳೆಎಲೆ ಹಾಸಿದ ಒಂದು ದೊಡ್ಡ ತಟ್ಟೆ, ಸುತ್ತ ಎಂಟು ಜನ. ಆ ಎಂಟರ ಗುಂಪಿಗೆ ಸೆಲಾ ಅಂತ ಹೆಸರು. ಒಬ್ಬರು ಬಡಿಸುವವರು. ನಿಮ್ಮ ಮುಂದಿನ ಭಾಗದಿಂದ ಮಾತ್ರ ತಿನ್ನಬೇಕು, ಕೈಯಿಂದ ಬಿದ್ದದ್ದನ್ನು ತಟ್ಟೆಗೆ ಹಾಕಬಾರದು, ಎಲ್ಲರೂ ಮುಗಿಸುವ ತನಕ ಯಾರೂ ಏಳಬಾರದು. ಎಂಜಲು-ಮುಸುರೆ ನೋಡುವ ಹಿರಿಯರಿಗೆ ಇದು ಕಷ್ಟ ಅಂತ ನನಗೆ ಗೊತ್ತು. ಅವರಿಗೆ ಪಕ್ಕದಲ್ಲೇ ಪಂಕ್ತಿಯಲ್ಲಿ ಬಾಳೆಎಲೆ ಹಾಕಿ. ಕಿರಿಯರನ್ನು ಬೆರೆಸಿ ಕೂರಿಸಿ, ಗಂಡಿನ ಕಡೆಯವರು ನಾಲ್ಕು, ಹೆಣ್ಣಿನ ಕಡೆಯವರು ನಾಲ್ಕು. 80 ಜನರಲ್ಲಿ 40 ಜನ ಕೂತರೆ ಐದು ಸೆಲಾ.

ದಿನ ಗೊತ್ತು ಮಾಡುವಾಗ ಅವರ ಎರಡು ಪಂಚಾಂಗ ನೋಡಿ. ಒಂದು ನಮ್ಮದೇ ಶಕ ವರ್ಷ. 2025ರಲ್ಲಿ ಮಾರ್ಚ್ 29ಕ್ಕೆ ಅವರ ಹೊಸ ವರ್ಷ ನ್ಯೆಪಿ, 30ಕ್ಕೆ ನಮ್ಮ ಯುಗಾದಿ, ಇಬ್ಬರಿಗೂ ಶಕ 1947. ನ್ಯೆಪಿಯ ದಿನ 24 ಗಂಟೆ ಇಡೀ ದ್ವೀಪ ಮೌನ. ದೀಪ ಇಲ್ಲ, ಓಡಾಟ ಇಲ್ಲ, ವಿಮಾನ ನಿಲ್ದಾಣವೂ ಮುಚ್ಚಿರುತ್ತೆ. ಇನ್ನೊಂದು 210 ದಿನದ ಪಂಚಾಂಗ, ಗಲುಂಗಾನ್ ಬರುವುದು ಅದರ ಪ್ರಕಾರ. 2025ರ ನವೆಂಬರ್ 19ರ ನಂತರದ್ದು 2026ರ ಜೂನ್ 17ಕ್ಕೆ, ಹತ್ತು ದಿನ ಬಿಟ್ಟು ಆ ಹಬ್ಬದ ಕೊನೆಯ ದಿನ ಕುನಿಂಗಾನ್. ಆ ದಿನಗಳಲ್ಲಿ ರಸ್ತೆ ತುಂಬ ಪೆಂಜೋರ್, ನೋಡಲು ಕಣ್ಣು ಸಾಲದು. ಆದರೆ ಕೆಲಸದವರೆಲ್ಲ ತಮ್ಮ ತಮ್ಮ ಊರಿಗೆ ಹೋಗಿರುತ್ತಾರೆ. ಹಬ್ಬ ಮುಗಿದ ಎರಡನೇ ವಾರ ಇಟ್ಟುಕೊಂಡರೆ ಪೆಂಜೋರ್‌ಗಳೂ ಇರುತ್ತವೆ, ಕೈಗಳೂ ಸಿಗುತ್ತವೆ. ನವೆಂಬರ್‌ನಿಂದ ಮಾರ್ಚ್ ಮಳೆ. ಮುಹೂರ್ತ ಇಡುವ ಪುರೋಹಿತರಿಗೆ ಲಗ್ನವನ್ನು ಡೆನ್‌ಪಸಾರ್‌ಗೆ ಲೆಕ್ಕ ಹಾಕಲು ಹೇಳಿ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಕತ್ತಲೂ ಬೇಗ ಆಗುತ್ತೆ. ಸೂರ್ಯ ಮುಳುಗಿ ಅರ್ಧ ಗಂಟೆಯೊಳಗೆ ಫೋಟೊಗೆ ಬೆಳಕಿರುವುದಿಲ್ಲ.

ಮಳೆ ತಡೆಯುವವರು ಅಂತ ಪವಾಂಗ್ ಹುಜಾನ್ ಒಬ್ಬರನ್ನು ಕಂಪನಿ ಸೇರಿಸಿದ್ದರೆ ಅದನ್ನು ಕತ್ತರಿಸಬೇಡಿ. ಮೂಲೆಯಲ್ಲಿ ಊದುಬತ್ತಿ ಹಚ್ಚಿ ಕೂತಿರುತ್ತಾರೆ. ಅವರಿದ್ದರೆ ಅಲ್ಲಿನ ಕೆಲಸದವರಿಗೆ ಧೈರ್ಯ. ಟೆಂಟ್ ಕೂಡ ಇರಲಿ.

ಉಳಿದದ್ದು ಚುಟುಕಾಗಿ. ವಿದೇಶಿ ಪ್ರವಾಸಿಗರಿಗೆ 2024ರ ಫೆಬ್ರುವರಿಯಿಂದ ತಲೆಗೆ 1,50,000 ರುಪಯ್ಯಾ ಶುಲ್ಕ ಇದೆ, ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಿ. ಸಮಾರಂಭಕ್ಕೆ ಆ ಊರಿನ ಬಂಜಾರ್ ಅಂದರೆ ಕೇರಿಯ ಸಮಿತಿಯ ಒಪ್ಪಿಗೆ ಬೇಕು, ಅದಕ್ಕೆ ಹಣವನ್ನೂ ಕೊಡಬೇಕಾಗುತ್ತೆ. ಅದನ್ನು ಸುಂಕ ಅಂತ ನೋಡಬೇಡಿ. ರಾತ್ರಿ ರಸ್ತೆಯಲ್ಲಿ ನಿಮ್ಮ ಬಸ್ಸಿಗೆ ದಾರಿ ಬಿಡಿಸುವ ಪೆಚಲಾಂಗ್ ಅದೇ ಕೇರಿಯವರು. ನೃತ್ಯ, ವಾದ್ಯಕ್ಕೂ ಅದೇ ಕೇರಿಯ ಸೆಕಾ ಅಂದರೆ ಸಂಘದವರನ್ನೇ ಕರೆಯಿರಿ ಅಂತ ಕಂಪನಿಗೆ ಹೇಳಿ. ಬಿಲ್‌ನಲ್ಲಿ ಯಾವ ಹಳ್ಳಿಯ ಯಾವ ಸಂಘ, ಅವರಿಗೆ ಎಷ್ಟು ಅಂತ ಬೇರೆ ಸಾಲಿನಲ್ಲಿ ಬರೆಯಲು ಕೇಳಿ. ಬರೆಯಲು ಹಿಂದೆಮುಂದೆ ನೋಡಿದರೆ ಬೇರೆ ಕಂಪನಿ ನೋಡಿ.

ಕೊನೆಯದಾಗಿ ಒಂದು ಕೋರಿಕೆ. ಮದುವೆ ದಿನ ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ಅಲ್ಲಿನವರು ತಮ್ಮ ಪೂಜೆ ಮಾಡುತ್ತಾರೆ. ಮಂಟಪದ ಮೂಲೆ, ಜನರೇಟರ್, ಅಡುಗೆ ಒಲೆ, ಬಾಗಿಲು, ಎಲ್ಲದರ ಮುಂದೆ ಒಂದೊಂದು ಚನಾಂಗ್ ಇಡುತ್ತಾರೆ. ಅದಕ್ಕೆ 20 ನಿಮಿಷ ಬೇಕು. ಆ 20 ನಿಮಿಷವನ್ನು ವೇಳಾಪಟ್ಟಿಯಲ್ಲೇ ಬರೆಸಿ, ಲೈಟಿಂಗ್‌ನವರು ಅಷ್ಟು ಹೊತ್ತು ಏಣಿ ಎತ್ತದ ಹಾಗೆ ನೋಡಿಕೊಳ್ಳಿ. ನಿಮಗೆ ಎಚ್ಚರ ಇದ್ದರೆ ಮಗಳನ್ನೂ ಕರೆದುಕೊಂಡು ಹೋಗಿ ಪಕ್ಕದಲ್ಲಿ ನಿಂತುಕೊಳ್ಳಿ. ಕೈಗೆ ಒಂದು ಹೂವು ಕೊಡುತ್ತಾರೆ.